ಒಂದೇ ದಿನಕ್ಕೆ ನಾಲ್ಕು ಊರು ಬೇಡ

ಓದುಗರ ಪತ್ರ: ದಸರೆ ಮುಗಿದ ಮರುವಾರ ವಿಜಯಪುರದಿಂದ ಅಪ್ಪ, ಅವ್ವ ಮೈಸೂರಿಗೆ ಬರುತ್ತಿದ್ದಾರೆ. ಹತ್ತು ದಿನ ಇರುತ್ತಾರೆ. ಅಪ್ಪನಿಗೆ 74, ಬಲ ಮೊಣಕಾಲು ನೋವು. ಅವ್ವನಿಗೆ 68, ಸಕ್ಕರೆ ಕಾಯಿಲೆ, ಬಿ.ಪಿ. ಎರಡೂ ಇವೆ. ಒಂದು ದಿನ ಸೋಮನಾಥಪುರ, ತಲಕಾಡು, ಭರಚುಕ್ಕಿ, ಗಗನಚುಕ್ಕಿ; ಇನ್ನೊಂದು ದಿನ ರಂಗನತಿಟ್ಟು, ಮೇಲುಕೋಟೆ; ಮತ್ತೊಂದು ದಿನ ಸೂರ್ಯಕಾಂತಿ ಹೊಲ ನೋಡಿಕೊಂಡು ಗೋಪಾಲಸ್ವಾಮಿ ಬೆಟ್ಟ ಎಂದುಕೊಂಡಿದ್ದೇನೆ. ರಾತ್ರಿಯೊಳಗೆ ಮನೆ ಸೇರಬೇಕು. ಸರಿಯೇ?

ಸಂಪಾದಕರ ಉತ್ತರ: ಜಾಗಗಳ ಆಯ್ಕೆಯಲ್ಲಿ ತಪ್ಪಿಲ್ಲ, ಜೋಡಣೆಯಲ್ಲಿದೆ. ನೀವು ಕಿಲೋಮೀಟರ್ ಲೆಕ್ಕ ಹಾಕಿದ್ದೀರಿ. ವಯಸ್ಸಾದವರ ಜೊತೆ ಹೊರಟಾಗ ಹಾಕಬೇಕಾದ ಲೆಕ್ಕ ಬೇರೆ: ಎಷ್ಟು ಮೆಟ್ಟಿಲು, ಎಷ್ಟು ಹೊತ್ತು ನಿಲ್ಲಬೇಕು, ಮುಂದಿನ ಶೌಚಾಲಯ ಎಲ್ಲಿ, ಊಟ ಎಷ್ಟು ಗಂಟೆಗೆ.

ಮೊದಲ ದಿನದಿಂದ ತಲಕಾಡನ್ನು ತೆಗೆದುಬಿಡಿ. ಅಲ್ಲಿನ ಗುಡಿಗಳ ನಡುವಿನ ದಾರಿ ಮರಳು. ಹೆಜ್ಜೆ ಹೂತಂತೆಲ್ಲ ಮೊಣಕಾಲು ತಿರುಚುತ್ತದೆ; ಸಮನೆಲದ ಮೇಲೆ ಸಲೀಸಾಗಿ ನಡೆಯುವವರೂ ಅಲ್ಲಿ ಸೋಲುತ್ತಾರೆ. ಪಾತಾಳೇಶ್ವರ, ಮರುಳೇಶ್ವರ ಗುಡಿಗಳಿಗೆ ಮರಳಿನ ಮಟ್ಟದಿಂದ ಕೆಳಗಿಳಿಯಬೇಕು. ಅಪ್ಪ ಪಂಚಲಿಂಗ ದರ್ಶನ, ಅಂದರೆ ಐದು ಶಿವನ ಗುಡಿಗಳ ದರ್ಶನ, ಬೇಕೇ ಬೇಕು ಎಂದರೆ ಅದಕ್ಕೊಂದು ಬೆಳಗನ್ನು ಪ್ರತ್ಯೇಕವಾಗಿ ಇಡಿ, ಬಿಸಿಲೇರುವ ಮೊದಲು ವೈದ್ಯನಾಥೇಶ್ವರನಿಂದ ಶುರು ಮಾಡಿ. ಐದನೆಯ ಮಲ್ಲಿಕಾರ್ಜುನ ಇರುವುದು ಮುಡುಕುತೊರೆ ಬೆಟ್ಟದ ಮೇಲೆ ಎಂಬುದನ್ನು ಹೊರಡುವ ಮೊದಲೇ ಅವರಿಗೆ ಹೇಳಿ.

ಉಳಿದದ್ದು ಸೋಮನಾಥಪುರ ಮತ್ತು ಗಗನಚುಕ್ಕಿ. ಎಂಟಕ್ಕೆ ಹೊರಟರೆ ಸುಮಾರು 35 ಕಿ.ಮೀ. ದಾರಿ, ಒಂಬತ್ತರ ಆಸುಪಾಸಿಗೆ ಸೋಮನಾಥಪುರ. ಗುಡಿ ಪೂರ್ವಾಭಿಮುಖ; ಆ ಹೊತ್ತಿನ ಓರೆ ಬಿಸಿಲಿಗೆ ಕೆತ್ತನೆ ಎದ್ದು ಕಾಣುತ್ತದೆ, ಕಲ್ಲು ಇನ್ನೂ ಕಾದಿರುವುದಿಲ್ಲ. ಹೊಯ್ಸಳರ ದಂಡನಾಯಕ ಸೋಮನಾಥ 1258ರಲ್ಲಿ ಕಟ್ಟಿಸಿದ ಈ ಗುಡಿ ಬೇಲೂರು, ಹಳೇಬೀಡಿನ ಜೊತೆ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಇಲ್ಲಿ ಪೂಜೆ ನಡೆಯುವುದಿಲ್ಲ. ಅವ್ವ ಹಣ್ಣುಕಾಯಿ ಬುಟ್ಟಿ ಹಿಡಿದು ಬಂದು ಪೆಚ್ಚಾಗುವುದು ಬೇಡ, ಮನೆಯಲ್ಲೇ ತಿಳಿಸಿ. ಜಗತಿಯ (ಗುಡಿ ನಿಂತಿರುವ ಎತ್ತರದ ಕಟ್ಟೆ) ಮೇಲೆ ಪ್ರದಕ್ಷಿಣೆಯಾಗಿ ಹೋದರೆ ಗೋಡೆಯ ಕೆಳಪಟ್ಟಿಕೆಗಳಲ್ಲಿ ಆನೆ, ಕುದುರೆ, ಅದರ ಮೇಲೆ ರಾಮಾಯಣ, ಮಹಾಭಾರತದ ಕಥೆಗಳು. ಕಥೆ ಗೊತ್ತಿರುವ ಹಿರಿಯರಿಗೆ ಮಾರ್ಗದರ್ಶಿ ಬೇಕಿಲ್ಲ, ಅವರೇ ನಿಮಗೆ ಹೇಳುತ್ತಾರೆ. ಒಳಗಿನ ಬಾಳೆಮೊಗ್ಗಿನ ಛಾವಣಿಗಳನ್ನು ನೋಡಲು ಚಿಕ್ಕ ಟಾರ್ಚ್ ಒಯ್ಯಿರಿ. ಕತ್ತು ಹಿಂದಕ್ಕೆ ಬಾಗಿಸಿದಾಗ ವಯಸ್ಸಾದವರಿಗೆ ತಲೆ ಸುತ್ತುತ್ತದೆ. ಒಂದು ಕೈ ಕಂಬದ ಮೇಲಿರಲಿ.

ಹತ್ತೂವರೆಗೆ ಅಲ್ಲಿಂದ ಬನ್ನೂರು, ಮಳವಳ್ಳಿ ಮೇಲೆ ಹೊರಟರೆ ಹನ್ನೆರಡರ ಹೊತ್ತಿಗೆ ಗಗನಚುಕ್ಕಿ. ಮಳವಳ್ಳಿ ಕಡೆಯ ವೀಕ್ಷಣಾ ತಾಣದಿಂದ ಜಲಪಾತ ಎದುರಿಗೇ ಕಾಣುತ್ತದೆ, ಕಣಿವೆಗೆ ಇಳಿಯಬೇಕಿಲ್ಲ. ಭರಚುಕ್ಕಿಯಲ್ಲಿ ನೀರಿನ ಹತ್ತಿರ ಹೋಗಬೇಕೆಂದರೆ ಉದ್ದನೆಯ ಮೆಟ್ಟಿಲ ಸಾಲು. ಇಳಿಯುವುದು ಸುಲಭ ಎಂದುಕೊಳ್ಳುವುದೇ ತಪ್ಪು. ಇಳಿಯುವಾಗಲೇ ಮೊಣಚಿಪ್ಪಿನ ಮೇಲೆ ಹೆಚ್ಚು ಭಾರ ಬೀಳುವುದು, ನೋವು ಗೊತ್ತಾಗುವುದು ರಾತ್ರಿ ಮಲಗಿದಾಗ. ಹೋದರೂ ಮೇಲಿಂದ ನೋಡಿ ಸಾಕು.

ಹೊರಡುವ ಹಿಂದಿನ ದಿನ ಕೆ.ಆರ್.ಎಸ್. ಅಣೆಕಟ್ಟೆಯ ಹೊರಹರಿವು ಎಷ್ಟು ಕ್ಯುಸೆಕ್ ಎಂದು ಪತ್ರಿಕೆಯಲ್ಲಿ ನೋಡಿ. ನಿಮ್ಮ ಎರಡು ದಿನಗಳ ಹಣೆಬರಹ ಆ ಒಂದು ಅಂಕಿಯಲ್ಲಿದೆ. ಹೊರಹರಿವು ಜೋರಾಗಿದ್ದರೆ ಗಗನಚುಕ್ಕಿ ಭೋರ್ಗರೆಯುತ್ತದೆ, ರಂಗನತಿಟ್ಟಿನಲ್ಲಿ ದೋಣಿ ನಿಲ್ಲುತ್ತದೆ. ಕಡಿಮೆಯಿದ್ದರೆ ದೋಣಿ ಸಿಗುತ್ತದೆ, ಜಲಪಾತ ಬಂಡೆಯ ಮೇಲಿನ ಗೆರೆಗಳಾಗುತ್ತದೆ. ಇರುವ ನೀರಿನಲ್ಲೂ ವಿದ್ಯುತ್ ಕೇಂದ್ರಗಳಿಗೆ ಪಾಲು ಹೋಗುತ್ತದಲ್ಲ. ತಿ. ನರಸೀಪುರದಲ್ಲಿ ಕಬಿನಿ ಕಾವೇರಿಯನ್ನು ಸೇರುವುದರಿಂದ ಜಲಪಾತದ ಲೆಕ್ಕಕ್ಕೆ ಕಬಿನಿಯ ಹೊರಹರಿವನ್ನೂ ಕೂಡಿಸಿಕೊಳ್ಳಿ.

ರಂಗನತಿಟ್ಟನ್ನು ಮೇಲುಕೋಟೆಗೆ ಗಂಟು ಹಾಕಬೇಡಿ. ಮನೆಯಿಂದ ಅರ್ಧ ಗಂಟೆಯ ದಾರಿ, ಒಂದು ಬೆಳಗಿನ ಕೆಲಸ. ಈ ಹೊತ್ತಿಗೆ ಗೂಡು ಕಟ್ಟುವ ಸಂಭ್ರಮ ಇರುವುದಿಲ್ಲ. ಕೊಕ್ಕರೆಗಳ ಜಾತ್ರೆ ಡಿಸೆಂಬರ್ ನಂತರ. ಬಂಡೆಯ ಮೇಲೆ ಮೊಸಳೆಯಂತೂ ಕಾಣಬಹುದು. ದೋಣಿಗೆ ಹತ್ತುವಾಗ ಅಪ್ಪನ ಕೈಗೆ ದೋಣಿಯವರೊಬ್ಬರು, ಹಿಂದೆ ನೀವೊಬ್ಬರು. ಹಿಂತಿರುಗುವಾಗ ಸಮಯ ಮಿಕ್ಕರೆ ಶ್ರೀರಂಗಪಟ್ಟಣದ ದರಿಯಾ ದೌಲತ್ ನೋಡಬಹುದು, ಅಲ್ಲಿ ನೆಲ ಸಮತಟ್ಟು.

ಮೇಲುಕೋಟೆಯಲ್ಲಿ ಎಡವುವುದು ಸಮಯದ ವಿಷಯದಲ್ಲಿ. ಮಧ್ಯಾಹ್ನ ಗುಡಿಯ ಬಾಗಿಲು ಮುಚ್ಚಿದರೆ ಸಂಜೆಯವರೆಗೆ ತೆಗೆಯುವುದಿಲ್ಲ. ಹನ್ನೊಂದಕ್ಕೆ ತಲುಪಿದವರು ಮೊದಲು ಬೆಟ್ಟ ಹತ್ತಿ, ಇಳಿದು ಬರುವಷ್ಟರಲ್ಲಿ ಚೆಲುವನಾರಾಯಣನ ದರ್ಶನ ತಪ್ಪಿಸಿಕೊಳ್ಳುತ್ತಾರೆ. ಏಳೂವರೆಗೆ ಹೊರಡಿ. ಕಲ್ಯಾಣಿಯ ಮಂಟಪದಲ್ಲಿ ಕೂತರೆ ನರಸಿಂಹನ ಬೆಟ್ಟ ಅಲ್ಲಿಂದಲೇ ಚೆನ್ನಾಗಿ ಕಾಣುತ್ತದೆ. ಆದರೆ ದೇವರು ಮೇಲಿದ್ದಾನೆ ಎಂದು ಗೊತ್ತಾದ ಮೇಲೆ ಅಪ್ಪ ಕೆಳಗೆ ಕೂರುತ್ತಾರೆಂಬ ಭರವಸೆ ನಮಗಿಲ್ಲ. ಹತ್ತಲೇಬೇಕೆಂದರೆ ಕಲ್ಲು ಕಾಯುವ ಮುಂಚೆ, ಕೈಯಲ್ಲಿ ಪ್ಲಾಸ್ಟಿಕ್ ಚೀಲವಿಲ್ಲದೆ, ಕೋತಿಗಳು ಕಿತ್ತುಕೊಳ್ಳುತ್ತವೆ. ನೋವಿರುವುದು ಬಲಗಾಲಿಗೆ, ಆದ್ದರಿಂದ ಊರುಗೋಲು ಎಡಗೈಯಲ್ಲಿರಬೇಕು. ಹತ್ತುವಾಗ ಎಡಗಾಲು ಮೊದಲು. ಇಳಿಯುವಾಗ ಕೋಲು ಮತ್ತು ಬಲಗಾಲು ಮೊದಲು. ಇದನ್ನು ಮನೆಯ ಮೆಟ್ಟಿಲ ಮೇಲೆ ಎರಡು ದಿನ ರೂಢಿ ಮಾಡಿಸಿ. ಬರುವಾಗ ತೊಣ್ಣೂರು ಕೆರೆಯ ದಂಡೆಯಲ್ಲಿ ಅರ್ಧ ಗಂಟೆ ಕೂತು ಬನ್ನಿ, ನೀರಿಗೆ ಇಳಿಯುವುದು ಬೇಡ.

ಸೂರ್ಯಕಾಂತಿಯ ಆಸೆ ಬಿಡಿ. ಗುಂಡ್ಲುಪೇಟೆ ರಸ್ತೆಯ ಆ ಹಳದಿ ಹೊಲಗಳು ಜೂನ್ ಕೊನೆಯಿಂದ ಆಗಸ್ಟ್‌ವರೆಗಿನ ನೋಟ. ದಸರೆಯ ಹೊತ್ತಿಗೆ ಕಟಾವಾಗಿರುತ್ತದೆ. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಮಾತ್ರ ಹೋಗಲೇಬೇಕು. ಕಾರು ಬುಡದಲ್ಲೇ ನಿಲ್ಲುತ್ತದೆ, ಮೇಲಕ್ಕೆ ಸಾರಿಗೆ ಸಂಸ್ಥೆಯ ಬಸ್ಸು. ಶನಿವಾರ, ಭಾನುವಾರ ಈ ಬಸ್ಸಿನ ಸಾಲಿನಲ್ಲೇ ಜೀವ ಹೋಗುತ್ತದೆ, ಇಳಿದು ಬರುವಾಗ ಮತ್ತೊಂದು ಸಾಲು. ವಾರದ ನಡುವೆ, ಬೆಳಿಗ್ಗೆ ಹೋಗಿ. ಸಾಲಿನಲ್ಲಿ ನೀವು ನಿಲ್ಲಿ, ಅವರು ಕಾರಿನಲ್ಲಿ ಕೂತಿರಲಿ. ತಿರುವು ರಸ್ತೆಯಾದ್ದರಿಂದ ಅವ್ವನಿಗೆ ಮುಂದಿನ ಸೀಟು. 1,454 ಮೀಟರ್ ಎತ್ತರ, ಮಂಜು ಕವಿದರೆ ಶಾಲು ಬೇಕೇ ಬೇಕು. ವಿಜಯಪುರದಿಂದ ಬರುವವರು ಅದನ್ನು ತಂದಿರುವುದಿಲ್ಲ.

ಇನ್ನು ಅವ್ವನ ವಿಷಯ. ದಾರಿಯಲ್ಲಿ ಶೌಚಾಲಯ ಸಿಗದೆಂಬ ಅಂಜಿಕೆಗೆ ನಮ್ಮ ಹೆಂಗಸರು ಬೆಳಿಗ್ಗೆಯಿಂದ ನೀರೇ ಕುಡಿಯುವುದಿಲ್ಲ. ಮಧ್ಯಾಹ್ನದ ತಲೆಸುತ್ತಿಗೆ ಬಿಸಿಲಿಗಿಂತ ಹೆಚ್ಚಾಗಿ ಇದೇ ಕಾರಣ. ಬಿ.ಪಿ. ಮಾತ್ರೆಗಳಲ್ಲಿ ಮೂತ್ರ ಹೆಚ್ಚಿಸುವವೂ ಇವೆ. ಅವ್ವನ ಮಾತ್ರೆ ಅಂಥದ್ದೋ ಎಂದು ವೈದ್ಯರಲ್ಲಿ ಕೇಳಿ, ಹೌದಾದರೆ ಹೊರಟ ಒಂದು ಗಂಟೆಯೊಳಗೆ ಮೊದಲ ನಿಲುಗಡೆ ಇಡಿ. ಮಾತ್ರೆ ತಪ್ಪಿಸುವುದು ಉಪಾಯವಲ್ಲ. "ಶೌಚಾಲಯಕ್ಕೆ ಹೋಗಬೇಕಾ?" ಎಂದು ಕೇಳಿದರೆ ಬೇಡ ಎನ್ನುತ್ತಾರೆ. ಕೇಳಬೇಡಿ, ಒಳ್ಳೆಯ ಹೋಟೆಲ್ ಕಂಡಲ್ಲಿ ಕಾಫಿಗೆಂದು ನಿಲ್ಲಿಸಿ.

ಸಕ್ಕರೆ ಮಾತ್ರೆ ನುಂಗಿ ಊಟ ತಡವಾದರೆ ಕೈ ನಡುಗಿ, ಬೆವರಿ, ಕಣ್ಣು ಕತ್ತಲಿಡುತ್ತದೆ. ಆಗ ಮೂರು ಚಮಚ ಸಕ್ಕರೆ ಕದಡಿದ ನೀರು ಕುಡಿಸಿ, ಕಾಲು ಗಂಟೆಯಲ್ಲಿ ಸುಧಾರಿಸದಿದ್ದರೆ ಇನ್ನೊಮ್ಮೆ ಕೊಟ್ಟು ಹತ್ತಿರದ ಆಸ್ಪತ್ರೆಗೆ ಹೊರಡಿ. ಹಾಗಾಗಿ ಹೋಟೆಲ್ ನಂಬಿಕೊಳ್ಳದೆ ಬುತ್ತಿ ಕಟ್ಟಿ: ಖಟಿ ರೊಟ್ಟಿ (ಒಣಗಿಸಿದ ಜೋಳದ ರೊಟ್ಟಿ), ಶೇಂಗಾ ಚಟ್ನಿ ಇಡೀ ದಿನ ಕೆಡುವುದಿಲ್ಲ, ಅವ್ವ ಹೇಗೂ ಊರಿಂದಲೇ ತಂದಿರುತ್ತಾರೆ. ಮೊಸರು ಮಾತ್ರ ಬೆಳಿಗ್ಗೆ ಮೈಸೂರಿನಲ್ಲೇ ಕೊಳ್ಳಿ.

ಬಾಡಿಗೆ ಕಾರಾದರೆ ಸೀಟು ತಗ್ಗಿರುವುದು ಬೇಡ. ತಗ್ಗಿನಿಂದ ಏಳುವಾಗಲೇ ಮೊಣಕಾಲು ಹಿಡಿಯುವುದು. ದಿನಕ್ಕೆ ಕನಿಷ್ಠ ಎಷ್ಟು ಕಿ.ಮೀ.ಗೆ ಹಣ, ಚಾಲಕರ ಬಾಟಾ ಎಷ್ಟು ಎಂಬುದನ್ನು ಮೊದಲೇ ಮಾತಾಡಿ. ಎರಡು ಪ್ರವಾಸಗಳ ನಡುವೆ ಒಂದು ದಿನ ಪೂರ್ತಿ ಖಾಲಿ ಬಿಡಿ. ಆ ದಿನ ಅವರು ನಿಮ್ಮ ಬೀದಿಯ ತರಕಾರಿಯವನ ಜೊತೆ ಚೌಕಾಸಿ ಮಾಡುತ್ತಾರೆ, ಮಾಡಲಿ.