ಕ್ಯಾಲಿಫೋರ್ನಿಯಾದ ಗಾಂಜಾ ಡಿಸ್ಪೆನ್ಸರಿಗೆ ಯಾವ ಪಿಓಎಸ್ ತೆಗೆದುಕೊಳ್ಳಬೇಕು?

ನಿಮ್ಮ ಭಾವನವರು ಸ್ಯಾಕ್ರಮೆಂಟೊ ಹತ್ತಿರ ಮೂರು ಕೌಂಟರಿನ ಲೈಸೆನ್ಸ್ ಅಂಗಡಿ ತೆರೆಯುತ್ತಿದ್ದಾರೆ, ಜೊತೆಗೆ ಎರಡು ಡೆಲಿವರಿ ಕಾರು. ಡಚ್ಚಿ, ಟ್ರೀಜ್, ಬ್ಲೇಜ್, ಫ್ಲೋಹಬ್, ಕೋವಾ ಈ ಐದು ಪಿಓಎಸ್‌ಗಳಲ್ಲಿ (ಬಿಲ್ ಹಾಕಿ ಸ್ಟಾಕ್ ನೋಡಿಕೊಳ್ಳುವ ಸಾಫ್ಟ್‌ವೇರ್) ಯಾವುದು ಒಳ್ಳೆಯದು ಅಂತ ಕೇಳಿದ್ದೀರಿ.

ಡೆಮೊ ನೋಡಿದರೆ ಐದೂ ಚೆನ್ನಾಗೇ ಕಾಣುತ್ತವೆ. ಸ್ಕ್ಯಾನ್ ಮಾಡುವುದು, ಬಿಲ್ ಹಾಕುವುದು, ಡ್ರಾಯರ್ ತೆರೆಯುವುದು ಕಿರಾಣಿ ಅಂಗಡಿಯ ಸಾಫ್ಟ್‌ವೇರಿಗೂ ಬರುತ್ತದೆ. ಆದರೆ ಇಲ್ಲಿ ಒಂದೇ ಸ್ಟಾಕಿಗೆ ಇಬ್ಬರು ಲೆಕ್ಕ ಬರೆಯುತ್ತಾರೆ: ನಿಮ್ಮ ಪಿಓಎಸ್ ಒಂದು, ರಾಜ್ಯದ ಟ್ರ್ಯಾಕಿಂಗ್ ವ್ಯವಸ್ಥೆ ಮೆಟ್ರ್ಕ್ ಇನ್ನೊಂದು. ಎರಡೂ ತಾಳೆಯಾಗದ ದಿನ ಸಾಫ್ಟ್‌ವೇರ್ ಹೇಗೆ ನಡೆದುಕೊಳ್ಳುತ್ತದೆ ಅನ್ನುವುದನ್ನು ನೋಡಿ ಆರಿಸಿ. ಉಳಿದದ್ದೆಲ್ಲ ಆಮೇಲೆ.

ಪ್ರತಿ ಮಾರಾಟವೂ 24 ಗಂಟೆಯೊಳಗೆ ಮೆಟ್ರ್ಕ್‌ಗೆ ಸೇರಬೇಕು. ಪ್ರತಿ ಪ್ಯಾಕೇಜಿಗೂ 24 ಅಕ್ಷರ-ಅಂಕಿಗಳ ಟ್ಯಾಗ್ ಇರುತ್ತದೆ, ಬಿಲ್ಲಿನ ಒಂದೊಂದು ಸಾಲೂ ಆ ಟ್ಯಾಗಿಗೆ ಅಂಟಿಕೊಂಡಿರಬೇಕು. ಸಾಮಾನ್ಯವಾಗಿ ಎಡವುವುದು ಇಲ್ಲೇ. ಒಂದೇ ಬ್ರ್ಯಾಂಡಿನ ಒಂದೇ ಸರಕು ಎರಡು ಟ್ಯಾಗಿನಲ್ಲಿ ಬಂದಿರುತ್ತದೆ, ಹಳೆಯದರಲ್ಲಿ 2 ಉಳಿದಿದೆ, ಹೊಸದರಲ್ಲಿ 50 ಇದೆ. ಕೌಂಟರಿನವರು ಡಬ್ಬಿಯ ಮೇಲಿನ ಕಂಪನಿ ಬಾರ್‌ಕೋಡ್ ಸ್ಕ್ಯಾನ್ ಮಾಡುತ್ತಾರೆ, ಸಾಫ್ಟ್‌ವೇರ್ ತಾನೇ ಹಳೆಯ ಟ್ಯಾಗ್ ಹಿಡಿಯುತ್ತದೆ, ಕೈಯಲ್ಲಿರುವ ಡಬ್ಬಿ ಮಾತ್ರ ಹೊಸದು. ಮೂರನೆಯ ಮಾರಾಟಕ್ಕೆ ಹಳೆಯ ಟ್ಯಾಗಿನಲ್ಲಿ ಸರಕೇ ಇಲ್ಲ ಅಂತ ಕಳಿಸಿದ್ದು ವಾಪಸ್ ಬರುತ್ತದೆ. ಟ್ಯಾಗಿಗೊಂದರಂತೆ ಬೇರೆ ಬಾರ್‌ಕೋಡ್ ಮಾಡಿ ಸರಕು ಬಂದ ದಿನವೇ ಲೇಬಲ್ ಅಂಟಿಸುವ ಪದ್ಧತಿ ಇಟ್ಟುಕೊಂಡರೆ ಇದು ಆಗುವುದಿಲ್ಲ. ಟ್ರೀಜ್‌ನ ಬಲ ಇರುವುದೇ ಸ್ಟಾಕನ್ನು ಹೀಗೆ ಬಿಗಿಯಾಗಿ ಹಿಡಿಯುವುದರಲ್ಲಿ. ಬೇರೆಯವುಗಳಲ್ಲೂ ಮಾಡಬಹುದು, ಆದರೆ ಲೇಬಲ್ ಪ್ರಿಂಟರ್ ಹಿಡಿದು ಯಾರಾದರೂ ಕೂತು ಮಾಡಬೇಕು.

ಹಾಗಾಗಿ ಡೆಮೊಗೆ ಬಂದ ಸೇಲ್ಸ್‌ನವರಿಗೆ ಹೀಗೆ ಕೇಳಿ: "ಮೆಟ್ರ್ಕ್ ತಿರಸ್ಕರಿಸಿದ ಬಿಲ್ಲುಗಳ ಪಟ್ಟಿ ಎಲ್ಲಿದೆ, ತೋರಿಸಿ." ಎರಡು ಕ್ಲಿಕ್ಕಿನಲ್ಲಿ ಪಟ್ಟಿ, ಕಾರಣ, ಮತ್ತೆ ಕಳಿಸುವ ಬಟನ್ ಮೂರೂ ಸಿಗಬೇಕು. "ಸಪೋರ್ಟಿಗೆ ಟಿಕೆಟ್ ಹಾಕಿ" ಅಂದರೆ ಅಲ್ಲಿಗೆ ಬಿಡಿ. ಮೆಟ್ರ್ಕ್ ತಾನೇ ಕೆಟ್ಟು ನಿಂತಾಗ ಬಿಲ್ಲುಗಳು ಸಾಲಿನಲ್ಲಿ ಕಾದು ತಾವೇ ಹೋಗುತ್ತವೆಯೇ, ಸೇರಿಹೋದ ಬಿಲ್ಲನ್ನು ರದ್ದು ಮಾಡಿದರೆ ಮೆಟ್ರ್ಕ್‌ನಲ್ಲೂ ರದ್ದಾಗುತ್ತದೆಯೇ, ಇವೆರಡನ್ನೂ ಕಣ್ಣೆದುರೇ ಮಾಡಿಸಿ.

ಎಪಿಐ ಕೀ, ಅಂದರೆ ಎರಡು ಸಾಫ್ಟ್‌ವೇರ್‌ಗಳನ್ನು ಜೋಡಿಸುವ ಗುಪ್ತ ಸಂಕೇತ, ಇದರ ಬಗ್ಗೆ ಯಾರೂ ಮೊದಲೇ ಹೇಳುವುದಿಲ್ಲ. ಪಿಓಎಸ್ ಮತ್ತು ಮೆಟ್ರ್ಕ್ ನಡುವಿನ ಕೀ ಒಬ್ಬ ವ್ಯಕ್ತಿಯ ಮೆಟ್ರ್ಕ್ ಖಾತೆಯಿಂದ ಹುಟ್ಟುತ್ತದೆ. ಮ್ಯಾನೇಜರ್ ಕೆಲಸ ಬಿಟ್ಟು ಅವರ ಖಾತೆ ಮುಚ್ಚಿದರೆ ಕೊಂಡಿಯೂ ಕಡಿದುಹೋಗುತ್ತದೆ. ಅದೇ ಖಾತೆಯಲ್ಲಿ ಹೊಸ ಕೀ ಮಾಡಿದರೆ ಹಳೆಯದು ಸತ್ತುಹೋಗುತ್ತದೆ, ಅದನ್ನು ನಂಬಿಕೊಂಡ ಸಾಫ್ಟ್‌ವೇರ್‌ಗಳೆಲ್ಲ ಒಟ್ಟಿಗೆ ನಿಲ್ಲುತ್ತವೆ. ಕೀ ಮಾಲೀಕರ ಖಾತೆಯಿಂದಲೇ ಇರಲಿ.

ಎರಡನೆಯ ಪರೀಕ್ಷೆ ತೆರಿಗೆ. ಕ್ಯಾಲಿಫೋರ್ನಿಯಾದ ಎಕ್ಸೈಸ್ ತೆರಿಗೆ 15 ಶೇಕಡ ಇದ್ದದ್ದು 2025ರ ಜುಲೈ 1ಕ್ಕೆ 19 ಆಯಿತು, ಅಕ್ಟೋಬರ್ 1ಕ್ಕೆ ಮತ್ತೆ 15ಕ್ಕೆ ಇಳಿಯಿತು. ಜಾರಿಯ ದಿನಾಂಕ ಕೊಟ್ಟು ದರವನ್ನು ಮೊದಲೇ ಹಾಕಿಡುವ ಸೌಲಭ್ಯ ಇಲ್ಲದಿದ್ದರೆ ಮಧ್ಯರಾತ್ರಿ ಯಾರಾದರೂ ಕೂತು ಬದಲಿಸಬೇಕು. ಲೆಕ್ಕದ ಕ್ರಮವೂ ಮುಖ್ಯ, ಯಾಕೆಂದರೆ ಸೇಲ್ಸ್ ಟ್ಯಾಕ್ಸ್ ಬೀಳುವುದು ಎಕ್ಸೈಸ್ ಸೇರಿದ ಮೊತ್ತದ ಮೇಲೆ. 40 ಡಾಲರಿನ ಸರಕಿಗೆ ಎಕ್ಸೈಸ್ 6, ಒಟ್ಟು 46. ನಿಮ್ಮ ಊರಿನ ಸೇಲ್ಸ್ ಟ್ಯಾಕ್ಸ್ 9.5 ಶೇಕಡ ಅಂದುಕೊಂಡರೆ 4.37, ಬಿಲ್ 50.37. ತಪ್ಪು ಸೆಟ್ಟಿಂಗಿನಲ್ಲಿ ಬರೀ 40ರ ಮೇಲೆ ಹಾಕಿದರೆ 3.80. ಬಿಲ್ಲಿಗೆ 57 ಸೆಂಟ್ ಖೋತಾ, ದಿನಕ್ಕೆ ಇಂಥ 200 ಬಿಲ್ ಅಂದರೆ 114 ಡಾಲರ್, ಕಟ್ಟುವುದು ಅಂಗಡಿಯ ಜೇಬಿನಿಂದ. ರಾಜ್ಯದ ಮೆಡಿಕಲ್ ಗುರುತಿನ ಚೀಟಿ ಇದ್ದವರಿಗೆ ಸೇಲ್ಸ್ ಟ್ಯಾಕ್ಸ್ ಇಲ್ಲ, ಎಕ್ಸೈಸ್ ಇದೆ. ಡಾಕ್ಟರ ಪತ್ರ ಒಂದೇ ಇದ್ದರೆ ಸೇಲ್ಸ್ ಟ್ಯಾಕ್ಸ್ ವಿನಾಯಿತಿಯೂ ಇಲ್ಲ. ಈ ಮೂರು ಬಗೆಯ ಬಿಲ್ಲನ್ನೂ ಟ್ರಯಲ್‌ನಲ್ಲಿ ಹಾಕಿ, ಕ್ಯಾಲ್ಕುಲೇಟರ್ ಹಿಡಿದು ಕೂಡಿಸಿ ನೋಡಿ.

ದಿನದ ಮಿತಿ: ವಯಸ್ಕ ಗ್ರಾಹಕರಿಗೆ 28.5 ಗ್ರಾಂ ಫ್ಲವರ್ (ಒಣಗಿಸಿದ ಗಾಂಜಾ ಹೂ), 8 ಗ್ರಾಂ ಕಾನ್ಸಂಟ್ರೇಟ್ (ಗಾಂಜಾದಿಂದ ತೆಗೆದ ಗಟ್ಟಿ ಸಾರ). ಬೆಳಿಗ್ಗೆ 20 ಗ್ರಾಂ ಕೊಂಡವರು ಸಂಜೆ ಇನ್ನೊಂದು ಕೌಂಟರಿಗೆ ಬಂದು 10 ಗ್ರಾಂ ಕೇಳಿದರೆ ಸಾಫ್ಟ್‌ವೇರ್ ತಡೆಯಬೇಕು. ತಡೆಯುವುದು ಸರಕಿನ ತೂಕ ಸರಿಯಾಗಿ ತುಂಬಿದ್ದರೆ ಮಾತ್ರ. ಅರ್ಧ ಗ್ರಾಮಿನ ಐದು ಪ್ರೀ-ರೋಲ್ (ಸುತ್ತಿಟ್ಟ ಗಾಂಜಾ ಸಿಗರೇಟು) ಇರುವ ಪೊಟ್ಟಣಕ್ಕೆ 2.5ರ ಬದಲು 0.5 ಅಂತ ತುಂಬಿದ್ದರೆ ಮಿತಿ ಬರೀ ಹೆಸರಿಗೆ.

ಇನ್ನು ಹೆಸರುಗಳಿಗೆ ಬರುತ್ತೇನೆ. ಡಚ್ಚಿಯ ಬಲ ಆನ್‌ಲೈನ್ ಮೆನು. 2021ರಲ್ಲಿ ಗ್ರೀನ್‌ಬಿಟ್ಸ್ ಮತ್ತು ಲೀಫ್‌ಲಾಜಿಕ್ಸ್ ಕೊಂಡ ಮೇಲೆ ಪಿಓಎಸ್ ಕೂಡ ಅವರದೇ, ಮೆನು ಮತ್ತು ಕೌಂಟರ್ ಒಂದೇ ಕಡೆ ಬೇಕಾದರೆ ಅನುಕೂಲ. ಬ್ಲೇಜ್ ಕ್ಯಾಲಿಫೋರ್ನಿಯಾದಲ್ಲೇ ಬೆಳೆದದ್ದು, ಡೆಲಿವರಿಯಲ್ಲಿ ಪಳಗಿದೆ: ಚಾಲಕರ ಆ್ಯಪ್, ಆರ್ಡರ್ ಹಂಚಿಕೆ, ಕಾರಿನಲ್ಲಿರುವ ಸರಕಿನ ಲೆಕ್ಕ. ಡೆನ್ವರ್‌ನ ಫ್ಲೋಹಬ್‌ನಲ್ಲಿ ಫೋನ್ ಹಿಡಿದು ಸ್ಟಾಕ್ ಎಣಿಸುವುದು ಸಲೀಸು. ವ್ಯಾಂಕೂವರ್‌ನ ಕೋವಾ ಇಂಟರ್ನೆಟ್ ಹೋದರೂ ಬಿಲ್ ಹಾಕುತ್ತದೆ. ಎರಡು ಕಾರು ಇರುವುದರಿಂದ ನಾನಾದರೆ ಮೊದಲು ಬ್ಲೇಜ್ ನೋಡುತ್ತೇನೆ, ಅದರ ಎದುರಿಗೆ ಟ್ರೀಜ್ ಇಟ್ಟು ತೂಗುತ್ತೇನೆ.

ಹಾರ್ಡ್‌ವೇರ್ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಡ್ರೈವಿಂಗ್ ಲೈಸೆನ್ಸಿನ ಹಿಂದಿರುವ ಕೋಡ್ ಓದಲು 2ಡಿ ಸ್ಕ್ಯಾನರೇ ಬೇಕು, ಒಂದು ಗೆರೆಯ ಲೇಸರ್ ಓದುವುದಿಲ್ಲ. ಕೌಂಟರುಗಳಿಗೆ ವೈಫೈ ಬೇಡ, ವೈರ್ ಎಳೆಸಿ. ತಕ್ಕಡಿಗೆ ದುಡ್ಡು ಹಾಕಬೇಡಿ: ಕ್ಯಾಲಿಫೋರ್ನಿಯಾದಲ್ಲಿ ಅಂಗಡಿಯೊಳಗೆ ತೂಗಿ ಕಟ್ಟುವಂತಿಲ್ಲ, ಸರಕು ಪ್ಯಾಕ್ ಆಗಿಯೇ ಬರಬೇಕು.

ಸಹಿ ಹಾಕುವ ಮುಂಚೆ ಕರಾರು ಓದಿ. ದರ ಲೈಸೆನ್ಸಿಗೋ ಕೌಂಟರಿಗೋ, ಲಾಯಲ್ಟಿ ಮತ್ತು ಎಸ್‌ಎಂಎಸ್‌ಗೆ ಬೇರೆ ದುಡ್ಡೋ, ಬಿಟ್ಟುಹೋಗುವಾಗ ಬಿಲ್ಲುಗಳು ಟ್ಯಾಗ್ ಸಮೇತ ಕೈಗೆ ಸಿಗುತ್ತವೋ ನೋಡಿ, ಏಕೆಂದರೆ ದಾಖಲೆಗಳನ್ನು 7 ವರ್ಷ ಇಟ್ಟುಕೊಳ್ಳಬೇಕು. ಪೇಮೆಂಟಿಗೆ "ಕ್ಯಾಶ್‌ಲೆಸ್ ಎಟಿಎಂ" ಅಂತ ತೋರಿಸಿದರೆ ಬೇಡ ಅನ್ನಿ. ಮಾರಾಟವನ್ನು ಎಟಿಎಂ ಹಣವೆಂದು ವೇಷ ಹಾಕಿಸುವುದು ಕಾರ್ಡ್ ಕಂಪನಿಗಳ ನಿಯಮಕ್ಕೆ ವಿರುದ್ಧ, ಯಾವ ದಿನ ಬೇಕಾದರೂ ನಿಲ್ಲಬಹುದು.

ಶುರು ಮಾಡುವ ಹಿಂದಿನ ರಾತ್ರಿ ಹೊಸ ಸರಕು ಒಳಗೆ ತೆಗೆದುಕೊಳ್ಳಬೇಡಿ. ಟ್ಯಾಗ್ ಟ್ಯಾಗಾಗಿ ಕೈಯಲ್ಲೇ ಎಣಿಸಿ ಮೆಟ್ರ್ಕ್ ಜೊತೆ ತಾಳೆ ನೋಡಿ. ಆಮೇಲೂ ಕನಿಷ್ಠ 30 ದಿನಕ್ಕೊಮ್ಮೆ ಎಣಿಕೆ ಕಡ್ಡಾಯ, ಆದರೆ ಮೊದಲ ತಿಂಗಳು ವಾರಕ್ಕೊಮ್ಮೆ ಎಣಿಸಿದರೆ ತಪ್ಪು ಎಲ್ಲಿ ಹುಟ್ಟಿತು ಅಂತ ಸಿಗುತ್ತದೆ. ತಿಂಗಳು ಬಿಟ್ಟು ಹುಡುಕಿದರೆ ಸಿಗುವುದಿಲ್ಲ.

ನೀವು ಕೇಳದ ಒಂದು ಮಾತು. ನೀವೋ ಮನೆಯವರೋ ಎಚ್-1ಬಿ ಅಥವಾ ಗ್ರೀನ್ ಕಾರ್ಡಿನಲ್ಲಿದ್ದು, "ಬಿಡುವಿದ್ದಾಗ ಲೆಕ್ಕ ನೋಡಿಕೊಡ್ತೀನಿ" ಅಂತ ಈ ಸಾಫ್ಟ್‌ವೇರಿನಲ್ಲಿ ಹೆಸರು ಸೇರಿಸುವ ಯೋಚನೆ ಇದ್ದರೆ ನಿಲ್ಲಿಸಿ. ರಾಜ್ಯ ಒಪ್ಪಿದರೂ ಫೆಡರಲ್ ಕಾನೂನಿನಲ್ಲಿ ಈ ಗಾಂಜಾ ವ್ಯಾಪಾರ ಅಪರಾಧವೇ. ಲೈಸೆನ್ಸ್ ಇರುವ ಗಾಂಜಾ ಉದ್ಯಮದ ಕೆಲಸವೂ ಪೌರತ್ವದ ಅರ್ಜಿಗೆ ಅಡ್ಡಿಯಾಗಬಹುದು ಅಂತ ಅಮೆರಿಕದ ವಲಸೆ ಇಲಾಖೆ 2019ರ ಏಪ್ರಿಲ್‌ನಲ್ಲೇ ಬರೆದಿಟ್ಟಿದೆ. ಲಾಗಿನ್ ಮಾಡಿಸಿಕೊಳ್ಳುವ ಮುಂಚೆ ಇಮಿಗ್ರೇಶನ್ ವಕೀಲರನ್ನು ಕಾಣಿ.