ಹಳೆ ಟೈಲ್ ಮೇಲೆ ಸಿಮೆಂಟ್ ಹಾಲು ಸುರಿಯುವ ಮೊದಲು ಮುದ್ದೆ ಕೋಲು ಹಿಡಿಯಿರಿ

ಸರ್, ಈ ಗುಂಪಿನಲ್ಲಿ ನೀವು ಹಾಕಿದ ಎರಡನೇ ಫೋಟೊ ನೋಡಿ ಎದೆ ಧಸಕ್ ಅಂತು. ಅಡುಗೆಮನೆಯ ಹಳೆ ಮಿಣಮಿಣ ಟೈಲ್, ಅದರ ಮೇಲೆ ನೇರವಾಗಿ ಸಿಮೆಂಟ್ ಹಾಲು (ನೀರಿನಲ್ಲಿ ತೆಳ್ಳಗೆ ಕಲಸಿದ ಸಿಮೆಂಟ್), ಅದರ ಮೇಲೆ ಎರಡಡಿ-ಎರಡಡಿ ವಿಟ್ರಿಫೈಡ್ ಟೈಲ್. "ಒಡೆಯುವ ರಗಳೆ ಬೇಡ, ಮೇಲೇ ಕೂರಿಸ್ತೀನಿ, ಗ್ಯಾರಂಟಿ ನಂದು ಅಂದಿದ್ದಾರೆ ಮೇಸ್ತ್ರಿ, ಸರೀನಾ?" ಅಂತ ಕೇಳಿದ್ದೀರಿ. ಸರಿ ಇಲ್ಲ. ಎರಡು ಸಾಲು ಕೂರಿಸಿ ಆಗಿದ್ದರೂ ಇವತ್ತೇ ಎತ್ತಿಸಿ. ಹಸಿ ಇರುವಾಗ ಎತ್ತಿದರೆ ಟೈಲ್ ಆದರೂ ಉಳಿಯುತ್ತದೆ.

ಮೇಲೆ ಕಾಮೆಂಟಿನಲ್ಲಿ ಮೂರ್ನಾಲ್ಕು ಜನ "ಪೂರ್ತಿ ಒಡೆಸಿ, ಅದೊಂದೇ ದಾರಿ" ಎಂದಿದ್ದಾರೆ. ಅದನ್ನೂ ನಾನು ಒಪ್ಪುವುದಿಲ್ಲ. ಟೈಲ್ ಮೇಲೆ ಟೈಲ್ ನಿಲ್ಲುತ್ತದೆ. ನಮ್ಮನೆಯಲ್ಲೇ 2017ರಿಂದ ನಿಂತಿದೆ. ಆದರೆ ಅದು ಎರಡನೇ ಸಲದ್ದು. ಮೊದಲನೇ ಸಲ ನಾನು ಮಾಡಿಸಿದ್ದು ಥೇಟ್ ನೀವು ಈಗ ಮಾಡಿಸುತ್ತಿರುವುದನ್ನೇ.

2015ರಲ್ಲಿ. ತುಮಕೂರಿನ ಹಳೇ ಮನೆ, ಅಡುಗೆಮನೆ ಎಂಟಡಿ-ಹತ್ತಡಿ, ಕಟ್ಟೆ ಬಿಟ್ಟು 60 ಚದರಡಿ ನೆಲ. ಮೊದಲೇ ಇದ್ದದ್ದು ಒಂದಡಿಯ ಸೆರಾಮಿಕ್ ಟೈಲ್. ಮೇಸ್ತ್ರಿ "ಒಂದೇ ದಿನದ ಕೆಲಸ" ಅಂದರು, ನಿಜವಾಗಿಯೂ ಒಂದೇ ದಿನದಲ್ಲಿ ಮುಗಿಸಿದರು. ಸ್ಪೇಸರ್ (ಸಂದು ಬಿಡಲು ಇಡುವ ಪುಟ್ಟ ಪ್ಲಾಸ್ಟಿಕ್ ತುಂಡು) ಇಲ್ಲ, ಗೋಡೆ ಹತ್ತಿರ ಸಂದು ಇಲ್ಲ, ಟೈಲಿಗೆ ಟೈಲ್ ಒತ್ತಿ ಕೂರಿಸಿದ್ದು. ನೋಡೋಕೆ ಕನ್ನಡಿ ಥರ. ನಾನೂ ಎಲ್ಲರಿಗೂ ತೋರಿಸಿಕೊಂಡು ಓಡಾಡಿದೆ.

2017ರ ಏಪ್ರಿಲ್, ಮಧ್ಯಾಹ್ನ ಮೂರು ಗಂಟೆ. ಅಡುಗೆಮನೆಯಲ್ಲಿ ಢಂ ಅಂತ ಸದ್ದು. ಕುಕ್ಕರ್ ಸಿಡಿಯಿತು ಅಂದುಕೊಂಡು ಓಡಿದರೆ ಒಲೆ ಮೇಲೆ ಏನೂ ಇಲ್ಲ. ನಡುವಿನ ಟೈಲ್ ಸಾಲು ಗುಡಾರದ ಹಾಗೆ ಎದ್ದು ನಿಂತಿದೆ. ಒಂದನ್ನು ಕೈಯಲ್ಲೇ ಎತ್ತಿದೆ. ಹಿಂಬದಿ ತೊಳೆದಿಟ್ಟ ತಟ್ಟೆಯಷ್ಟು ಸ್ವಚ್ಛ, ಕಂಪನಿ ಅಚ್ಚು ಓದಬಹುದಿತ್ತು. ಕೆಳಗಿನ ಹಳೆ ಟೈಲಿನ ಹೂವಿನ ಡಿಸೈನ್ ಫಳಫಳ. ನಡುವಿನ ಸಿಮೆಂಟು ಹಪ್ಪಳದ ಹಾಗೆ ಬೇರೆಯಾಗಿಯೇ ಬಂತು. ಅಮ್ಮ ನೋಡಿ ಅಂದದ್ದು ಇಷ್ಟೇ: "ಎರಡು ಪಿಂಗಾಣಿ ತಟ್ಟೆ ನಡುವೆ ಗಂಜಿ ಹಚ್ಚಿದರೆ ಅಂಟುತ್ತೇನೋ?"

ವಿಷಯ ಅಷ್ಟೇ. ಸಿಮೆಂಟ್ ಹಿಡಿಯಲು ರಂಧ್ರ ಬೇಕು, ಟೈಲ್ ಒಂದಿಷ್ಟು ನೀರು ಕುಡಿಯಬೇಕು. ವಿಟ್ರಿಫೈಡ್ ನೀರು ಹೀರುವುದು ತೂಕದ 0.5%ಗಿಂತ ಕಡಿಮೆ. ಕೆಳಗೆ ಗ್ಲೇಜ್ ಮಾಡಿದ, ಅಂದರೆ ಗಾಜಿನಂಥ ಹೊಳಪು ಕೊಟ್ಟ ಹಳೆ ಟೈಲ್, ಅದೂ ಕುಡಿಯುವುದಿಲ್ಲ. ಬೇಸಿಗೆಯಲ್ಲಿ ಹಿಗ್ಗಿದಾಗ ಹೋಗಲು ಜಾಗ ಇಲ್ಲ, ಹಿಡಿದುಕೊಳ್ಳಲು ಅಂಟಿಲ್ಲ. ಮೇಲೇಳದೆ ಇನ್ನೇನು ಮಾಡುತ್ತದೆ? ಆ ಮೇಸ್ತ್ರಿ ಗ್ಯಾರಂಟಿ ಏನಾಯಿತು ಅಂತ ಕೇಳಬೇಡಿ. ಫೋನೇ ಎತ್ತಲಿಲ್ಲ.

ಈಗ ಒಡೆಯಬೇಕೋ ಬೇಡವೋ ಅನ್ನುವುದು. ಇದನ್ನು ಮೇಸ್ತ್ರಿ ಹೇಳಬಾರದು, ಈ ಗುಂಪೂ ಹೇಳಬಾರದು, ಕೆಳಗಿರುವ ಟೈಲೇ ಹೇಳಬೇಕು. ಮೇಲಿನ ಹೊಸ ಪದರ ತೆಗೆಸಿದ ಮೇಲೆ ನಾನು ಮಾಡಿದ್ದು ಹೀಗೆ. ರಾತ್ರಿ ಹತ್ತರ ಮೇಲೆ, ಟಿವಿ ಫ್ರಿಜ್ಜು ಫ್ಯಾನು ಎಲ್ಲ ಆರಿಸಿ, ಮುದ್ದೆ ಕೋಲು ತೆಗೆದುಕೊಂಡು ನೆಲದ ಮೇಲೆ ಕೂತೆ. ನಗಬೇಡಿ. ನಾಣ್ಯದಲ್ಲಿ ತಟ್ಟಿದರೆ ಎಲ್ಲವೂ ಟಿಣ್ ಅನ್ನುತ್ತದೆ, ಸುತ್ತಿಗೆ ಆದರೆ ಒಡೆಯುತ್ತದೆ. ಮುದ್ದೆ ಕೋಲಿನ ತೂಕ ಸರಿಯಾಗಿದೆ. ಪ್ರತಿ ಟೈಲಿಗೂ ಐದು ಕಡೆ, ನಾಲ್ಕು ಮೂಲೆ ಮತ್ತು ನಡುವೆ. ಗಟ್ಟಿ ಇದ್ದರೆ ಟಕ್ ಅಂತ ಗಿಡ್ಡ ಸದ್ದು. ಟೊಳ್ಳಿದ್ದರೆ ಡಬ್ ಅಂತ ಮಡಕೆ ಸದ್ದು. ಟೊಳ್ಳಿಗೆ ಸೀಮೆಸುಣ್ಣದಲ್ಲಿ ಗುಣಾಕಾರ ಗುರುತು. ನನಗೆ 60ರಲ್ಲಿ 9 ಸಿಕ್ಕಿದವು. ಅದರಲ್ಲಿ ಏಳು ಸಿಂಕ್ ಪಕ್ಕದ್ದೇ, ಅಂದರೆ ನೀರು ಇಳಿದಿದೆ ಅಂತ ಅರ್ಥ. ಪೈಪ್ ಜಾಯಿಂಟ್ ಒಂದು ಜಿನುಗುತ್ತಿತ್ತು, ಮೊದಲು ಅದನ್ನು ಸರಿ ಮಾಡಿಸಿದೆ. ಆ ಒಂಬತ್ತನ್ನು ಎಬ್ಬಿಸಿ, ಸಡಿಲ ಗಾರೆ ಕೆರೆದು, ಎಸ್‌ಬಿಆರ್ ಲೇಟೆಕ್ಸ್ (ಗಾರೆಯ ಹಿಡಿತ ಹೆಚ್ಚಿಸುವ ರಬ್ಬರ್ ದ್ರಾವಣ) ಬೆರೆಸಿದ ಗಾರೆ ತುಂಬಿ, ಅಕ್ಕಪಕ್ಕದ ಟೈಲ್ ಮಟ್ಟಕ್ಕೆ ತಂದು, ಒಂದು ವಾರ ಬಿಟ್ಟೆ.

ಕಾಲು ಭಾಗಕ್ಕಿಂತ ಜಾಸ್ತಿ ಟೊಳ್ಳು ಬಂದರೆ ಮಾತೇ ಇಲ್ಲ, ಒಡೆಸಿ. ಕೆಳಗಿನ ಮನೆಯ ಸೀಲಿಂಗಿನಲ್ಲಿ ಕಲೆ ಇದ್ದರೂ ಒಡೆಸಿ, ವಾಟರ್‌ಪ್ರೂಫಿಂಗ್ ಮಾಡಿಸಿ, ಎರಡು ದಿನ ನೀರು ನಿಲ್ಲಿಸಿ ನೋಡಿ, ಆಮೇಲೆ ಟೈಲ್. ಈಗಾಗಲೇ ಎರಡು ಪದರ ಇದ್ದರೆ ಮೂರನೆಯದು ಬೇಡ. ನೆಲಮಹಡಿಯಾಗಿದ್ದು ಬಿರುಕು ಒಂದೇ ಗೆರೆಯಲ್ಲಿ ನಾಲ್ಕೈದು ಟೈಲ್ ದಾಟಿ ಹೋಗಿದ್ದರೆ ಅದು ಟೈಲಿನ ತಪ್ಪಲ್ಲ, ಕೆಳಗಿನ ಮಣ್ಣು ಕೂತಿದೆ. ಅತ್ತೆ ಮನೆಯಲ್ಲಿ ಹೀಗೇ ಆಗಿ ಅಗೆದು ನೋಡಿದರೆ ಹೆಗ್ಗಣದ ಬಿಲ, ಮೊಳಕೈವರೆಗೆ ಕೈ ಹೋಗುತ್ತಿತ್ತು. ಅಂಥದ್ದರ ಮೇಲೆ ಎಷ್ಟು ದುಬಾರಿ ಟೈಲ್ ಹಾಕಿದರೂ ದಂಡ.

ಮೇಲೇ ಹಾಕುವುದು ಅಂತಾದರೆ, ಮೊದಲ ಶತ್ರು ಎಣ್ಣೆ ಜಿಡ್ಡು. ಬಿಸಿನೀರಿಗೆ ವಾಷಿಂಗ್ ಸೋಡಾ ಹಾಕಿ ಎರಡು ಸಲ ಉಜ್ಜಿಸಿ, ಒಲೆ ಮುಂದೆ ಮೂರು ಸಲ. ಆಮೇಲೆ ಗ್ರೈಂಡರಿನಲ್ಲಿ ಡೈಮಂಡ್ ಕಪ್ (ಉಜ್ಜುವ ಚಕ್ರ) ಹಾಕಿ ಹೊಳಪು ಪೂರ್ತಿ ಹೋಗುವವರೆಗೆ ಉಜ್ಜಿಸಬೇಕು. ಉಳಿಯಲ್ಲಿ ಅಲ್ಲೊಂದು ಇಲ್ಲೊಂದು ಕಚ್ಚು ಹಾಕಿ "ಹ್ಯಾಕಿಂಗ್ ಆಯ್ತು" ಅನ್ನುತ್ತಾರೆ, ಒಪ್ಪಬೇಡಿ. ಹೊಳಪು ಇರುವ ಜಾಗದಲ್ಲಿ ನೀರಿನ ಹನಿ ಮಣಿಯಾಗಿ ನಿಲ್ಲುತ್ತದೆ, ಅಲ್ಲೇ ಗೊತ್ತಾಗುತ್ತದೆ. ಧೂಳು ವಿಪರೀತ. ಅಕ್ಕಿ ಬೇಳೆ ಡಬ್ಬ ಎಲ್ಲ ಹೊರಗೆ, ಬಾಗಿಲಿಗೆ ಒದ್ದೆ ಬೆಡ್‌ಶೀಟ್, ಕೆಲಸದವರಿಗೆ ಎನ್95 ಮಾಸ್ಕ್ ನೀವೇ ತಂದುಕೊಡಿ. ಆ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು.

ಸಿಮೆಂಟ್ ಹಾಲಿನ ಬದಲು ಚೀಲದಲ್ಲಿ ಸಿಗುವ ಟೈಲ್ ಅಂಟು ಬೇಕು, ಅದಕ್ಕೆ ಮಾತ್ರ ಜಿಪುಣತನ ಬೇಡ ಸರ್. ಟೈಲಿನ ಬ್ರಾಂಡಿಗೆ ಸಾವಿರಾರು ಸುರಿದು ಅಂಟಿನಲ್ಲಿ ಮುನ್ನೂರು ಉಳಿಸುವವರನ್ನು ನೋಡಿದರೆ ಮೈ ಉರಿಯುತ್ತದೆ. ಮೇಸ್ತ್ರಿಗಳ ಬಾಯಲ್ಲಿ ಎಲ್ಲವೂ "ಗಮ್ಮು". ಅಂಗಡಿಗೆ ಹೋಗಿ ಚೀಲ ಓದಿ. ಟೈಲ್ ಮೇಲೆ ಟೈಲ್‌ಗೆ ಆಗುತ್ತದೆ ಅಂತ ಬರೆದಿರಬೇಕು, ಸಿ2 (ಹೆಚ್ಚು ಹಿಡಿತದ ಗ್ರೇಡ್) ಅಂತ ಇರಬೇಕು. ಸಿ1 (ಸಾಧಾರಣ ಗ್ರೇಡ್) ಆದರೆ ಬೇಡ. ರಾಫ್, ಎಂವೈಕೆ ಲ್ಯಾಟಿಕ್ರೀಟ್, ವೆಬರ್ ಮೂರರಲ್ಲೂ ಅಂಥದ್ದು ಸಿಗುತ್ತದೆ. ನಾನು ಬಳಸಿದ್ದು ಲ್ಯಾಟಿಕ್ರೀಟ್, ತಮ್ಮನ ಮನೆಯಲ್ಲಿ ರಾಫ್, ಎರಡೂ ಅಲ್ಲಾಡಿಲ್ಲ. ಬ್ರಾಂಡಿಗಿಂತ ಗ್ರೇಡ್ ಮುಖ್ಯ. 20 ಕೆಜಿ ಚೀಲ 45-50 ಚದರಡಿಗೆ ಬರುತ್ತದೆ. ಅದಕ್ಕಿಂತ ಜಾಸ್ತಿ ಬಂತು ಅಂದರೆ ಮೇಸ್ತ್ರಿ ನಾಲ್ಕು ಮೂಲೆಗೆ ನಾಲ್ಕು ಉಂಡೆ, ನಡುವೆ ಒಂದು ಇಟ್ಟಿದ್ದಾರೆ ಅಂತ ತಿಳಿಯಿರಿ. ಹಲ್ಲಿನ ಕರಣೆಯಲ್ಲಿ ಒಂದೇ ದಿಕ್ಕಿಗೆ ಎಳೆಯಬೇಕು, ಟೈಲಿನ ಬೆನ್ನಿಗೂ ತೆಳ್ಳಗೆ ಸವರಬೇಕು. ಅದಕ್ಕೂ ಮೊದಲು ಬೆನ್ನ ಮೇಲಿನ ಬಿಳಿ ಪುಡಿ ಒದ್ದೆ ಬಟ್ಟೆಯಲ್ಲಿ ಒರೆಸಿ. ಮೊದಲ ಟೈಲ್ ಕೂರಿಸಿದ ತಕ್ಷಣ ಎತ್ತಿಸಿ ನೋಡಿ, ಬೆನ್ನು ಪೂರ್ತಿ ಮೆತ್ತಿಕೊಂಡಿರಬೇಕು. ಗಟ್ಟಿಯಾಗುತ್ತಿರುವ ಅಂಟಿಗೆ ಮತ್ತೆ ನೀರು ಬೆರೆಸಲು ಹೋದರೆ ಬಾಂಡ್ಲಿ ಕಸಿದುಕೊಳ್ಳಿ.

ಎರಡು ಮಿಲಿಮೀಟರ್ ಸ್ಪೇಸರ್, ಗೋಡೆ ಪಕ್ಕ ಐದಾರು ಮಿಲಿಮೀಟರ್ ಬಿಡುವು, ಅದನ್ನು ಸ್ಕರ್ಟಿಂಗ್ (ಗೋಡೆ ಬುಡದ ಟೈಲ್ ಪಟ್ಟಿ) ಮುಚ್ಚುತ್ತದೆ. ಸಂದಿಗೆ ಎಪಾಕ್ಸಿ (ಸಂದು ತುಂಬುವ ರಾಳ). ಆದರೆ ಎಪಾಕ್ಸಿ ಹಾಕಿದವರು ಅಲ್ಲಲ್ಲೇ ಒರೆಸುತ್ತಾ ಬರಬೇಕು, ಟೀ ಕುಡಿದು ಬಂದು ಒರೆಸುತ್ತೇನೆ ಅಂದರೆ ಮಂಜು ಹಿಡಿದ ಹಾಗೆ ಶಾಶ್ವತವಾಗಿ ಉಳಿಯುತ್ತದೆ. ಇನ್ನೊಂದು, ಕೆಳಗೆ ನೀರು ಹೀರುವುದು ಏನೂ ಇಲ್ಲದ್ದರಿಂದ ಅಂಟು ನಿಧಾನಕ್ಕೆ ಒಣಗುತ್ತದೆ. ಮಾಮೂಲಿಗಿಂತ ಒಂದು ದಿನ ಜಾಸ್ತಿ ಕಾದು ಆಮೇಲೆ ಓಡಾಡಿ, ಫ್ರಿಜ್ಜು ನಾಲ್ಕೈದು ದಿನ ಹಾಲಲ್ಲೇ ಇರಲಿ.

ಎತ್ತರ! ಇದನ್ನು ಯಾರೂ ಯೋಚಿಸುವುದಿಲ್ಲ. ಟೈಲ್ 9-10 ಮಿಲಿಮೀಟರ್, ಅಂಟು 3-5, ಒಟ್ಟು ಹೆಚ್ಚುಕಮ್ಮಿ ಅರ್ಧ ಇಂಚು. ನಮ್ಮಲ್ಲಿ ಅಡುಗೆಮನೆ ಹಾಲಿಗಿಂತ ಎತ್ತರವಾಗಿ, ನೆಲ ತೊಳೆದ ನೀರು ಸೀದಾ ಹಾಲಿಗೆ ಬಂತು. ಆಮೇಲೆ ಬಾಗಿಲಲ್ಲಿ ಅಂಚು ಮಸೆದ ಗ್ರಾನೈಟ್ ಪಟ್ಟಿ ಕೂರಿಸಿದೆ. ನಿಮ್ಮಲ್ಲಿ ನಾಣಿ ಟ್ರ್ಯಾಪ್ (ನೆಲದ ನೀರು ಹೋಗುವ ಕಿಂಡಿ) ಇದ್ದರೆ ಅದರ ಜಾಲರಿ ಎತ್ತರಿಸಿ, ವಾಟವನ್ನು (ನೀರು ಹರಿಯುವ ಇಳಿಜಾರು) ಅಂಟು ಹಾಕುವ ಮೊದಲೇ ಸರಿಮಾಡಿಕೊಳ್ಳಿ. ಅಂಟಿನಲ್ಲೇ ವಾಟ ಕೊಡುತ್ತೇನೆ ಅಂತಾರೆ, ಆಗುವುದಿಲ್ಲ. ಯುಟಿಲಿಟಿ ಬಾಗಿಲು, ಸಿಲಿಂಡರ್ ಟ್ರಾಲಿ, ಕೆಳಗಿನ ಡ್ರಾಯರ್, ಡಿಶ್‌ವಾಷರ್, ಎಲ್ಲದಕ್ಕೂ ಒಂದು ಟೈಲ್ ತುಂಡು ಕೆಳಗಿಟ್ಟು ಈಗಲೇ ತೆರೆದು ನೋಡಿ. ಕಟ್ಟೆ ಅರ್ಧ ಇಂಚು ಗಿಡ್ಡ ಆಗುತ್ತದೆ. ನಮ್ಮಮ್ಮನಿಗೆ ಅದೊಂದು ಖುಷಿ, ಅವರು ಕುಳ್ಳಗಿದ್ದಾರೆ.

ಒಡೆಸುವವರಿಗೂ ಒಂದು ಮಾತು. ನೀರಿನ ಮೇನ್ ವಾಲ್ವ್ ಬಂದ್ ಮಾಡದೆ ಬ್ರೇಕರ್ ಮಿಷನ್ ಇಳಿಸಬೇಡಿ, ನೆಲದೊಳಗೆ ಸಿಪಿವಿಸಿ (ಪ್ಲಾಸ್ಟಿಕ್) ಪೈಪ್ ಎಲ್ಲಿ ಹೋಗಿದೆಯೋ ಯಾರಿಗೆ ಗೊತ್ತು. ಅರವತ್ತು ಚದರಡಿಯ ಟೈಲ್, ಕೆಳಗಿನ ಗಾರೆ ಹಾಸಿನ ಸಮೇತ ಎದ್ದ ಕಸ ಅರ್ಧ ಟನ್ ದಾಟುತ್ತದೆ. ಅದನ್ನು ಎಲ್ಲಿಗೆ ಒಯ್ಯುತ್ತಾರೆ ಅಂತ ಟೆಂಪೊದವರನ್ನು ಕೇಳಿ. ರಾತ್ರಿ ಕೆರೆ ಏರಿ ಮೇಲೆ ಸುರಿದು ಬರುವವರು ನಮ್ಮೂರಲ್ಲೂ ಇದ್ದಾರೆ, ನಾಚಿಕೆಗೇಡು. ಹಾಗೇ, ಕಾವಿ ನೆಲ ಇರುವವರು ಯಾರಾದರೂ ಇದನ್ನು ಓದಿ ಅದರ ಮೇಲೆ ಟೈಲ್ ಹಾಕಲು ಹೊರಟರೆ ಕೈ ಮುಗಿಯುತ್ತೇನೆ, ಪಾಲಿಶ್ ಮಾಡಿಸಿಕೊಳ್ಳಿ ಸಾಕು.

ಹೊಸ ಟೈಲಿನ ಎಲ್ಲ ಬಾಕ್ಸಿನ ಬ್ಯಾಚ್ ನಂಬರ್ ಒಂದೇ ಇದೆಯಾ ನೋಡಿ ಸರ್, ಫೋಟೊದಲ್ಲಿ ಎಡಗಡೆಯ ಎರಡು ಸ್ವಲ್ಪ ಬೇರೆ ಬಣ್ಣ ಕಾಣಿಸುತ್ತಿವೆ. ನಾಳೆ ಮೇಸ್ತ್ರಿಗೆ ರಜೆ ಹೇಳಿ. ಇವತ್ತು ರಾತ್ರಿ ತಟ್ಟಿ, ಸೀಮೆಸುಣ್ಣದ ಗುರುತಿನ ಸಮೇತ ಸಿಂಕ್ ಪಕ್ಕದ್ದು ಒಂದು ಫೋಟೊ ಇಲ್ಲಿ ಹಾಕಿ, ನೋಡೋಣ.