ಬ್ಯಾಟರಿ ಬದಲಿಸಿದಿರಾ? ಸನ್‌ರೂಫ್‌ಗೆ ಮತ್ತೆ ಪಾಠ ಹೇಳಿಕೊಡಿ

ಗಾಡಿ ಮಾತು: ಓದುಗರ ಪ್ರಶ್ನೆ, ಮೆಕ್ಯಾನಿಕ್ ಉತ್ತರ

ಈ ತಿಂಗಳು ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಸನ್‌ರೂಫ್ ಬಗ್ಗೆಯೇ ಇವೆ. ಹತ್ತು ವರ್ಷದ ಹಿಂದೆ ಕಲಬುರಗಿಯ ರಿಂಗ್ ರೋಡಿನ ನನ್ನ ಅಂಗಡಿಗೆ ತಿಂಗಳಿಗೊಂದು ಸನ್‌ರೂಫ್ ಗಾಡಿ ಬಂದರೆ ಹೆಚ್ಚು. ಈಗ ದಿನಾ ಎರಡು ಮೂರು ಬರುತ್ತವೆ. ಅದಕ್ಕೇ ಈ ಸಲದ ಅಂಕಣ ಪೂರ್ತಿ ಅದಕ್ಕೆ ಮೀಸಲು.

ಪ್ರಶ್ನೆ: ಕಾರಿನ ಬ್ಯಾಟರಿ ಬದಲಿಸಿದ ಮೇಲೆ ಸನ್‌ರೂಫ್ ಒಂದೇ ಒತ್ತಿಗೆ ಮುಚ್ಚುತ್ತಿಲ್ಲ. ಸ್ವಿಚ್ ಹಿಡಿದುಕೊಂಡರೆ ಮಾತ್ರ ಸ್ವಲ್ಪ ಸ್ವಲ್ಪ ಸರಿಯುತ್ತದೆ. ಹೇಗೂ ಮುಚ್ಚುತ್ತದಲ್ಲ ಅಂತ ಹಾಗೇ ಓಡಿಸುತ್ತಿದ್ದೇನೆ. ನಡೆಯುತ್ತದಾ?
ಶಾಲಾ ಶಿಕ್ಷಕಿ, ಸೇಡಂ

ನಡೆಯುತ್ತದೆ ಅನ್ನಲು ನನಗೆ ಬಾಯಿ ಬರುವುದಿಲ್ಲ ಅಕ್ಕೋರೆ. ಇವತ್ತೇ ಸರಿ ಮಾಡಿಸಿ. ನಿಮ್ಮ ಗಾಡಿಯ ಸನ್‌ರೂಫ್ ಕೆಟ್ಟಿಲ್ಲ, ಮರೆತಿದೆ. ಅದು ಮರೆತಿರುವುದರಲ್ಲಿ ಬೆರಳು ಕಾಯುವ ಲೆಕ್ಕವೂ ಸೇರಿದೆ.

ಕಾರಿನ ಟಾಪಿನ ಒಳಗೆ ಒಂದು ಸಣ್ಣ ಮೋಟರ್ ಇರುತ್ತದೆ. ಅದು ಹಲ್ಲಿನ ಚಕ್ರವೊಂದನ್ನು ತಿರುಗಿಸುತ್ತದೆ. ಚಕ್ರಕ್ಕೆ ತಾಗಿ ಎರಡು ಗಟ್ಟಿ ಕೇಬಲ್. ಸ್ಪ್ರಿಂಗಿನ ಹಾಗೆ ತಂತಿ ಸುತ್ತಿರುವ ಆ ಕೇಬಲ್‌ಗಳು ಗಾಜನ್ನು ಎರಡೂ ಬದಿಯ ಹಳಿಯ ಮೇಲೆ ತಳ್ಳುತ್ತವೆ, ಎಳೆಯುತ್ತವೆ. ಗಾಜು ಎಲ್ಲಿಯವರೆಗೆ ಬಂತು ಅಂತ ನೋಡಲು ಅಲ್ಲಿ ಕಣ್ಣಿಲ್ಲ. ಎಣಿಕೆ ಇದೆ. ಮೋಟರಿನ ಶಾಫ್ಟಿಗೆ ಪುಟ್ಟ ಅಯಸ್ಕಾಂತ, ಅದರ ಪಕ್ಕದಲ್ಲಿ ಆ ಅಯಸ್ಕಾಂತ ತಿರುಗುವುದನ್ನು ಗುರುತಿಸುವ ಹಾಲ್ ಸೆನ್ಸರ್. ಶಾಫ್ಟು ತಿರುಗಿದಂತೆಲ್ಲ ಸೆನ್ಸರ್‌ನಿಂದ ಟಿಕ್ ಟಿಕ್ ಅಂತ ಸಂಕೇತ ಹೋಗುತ್ತದೆ. ನಮ್ಮ ನೆಹರು ಗಂಜಿನಲ್ಲಿ ಲಾರಿಗೆ ಚೀಲ ಏರುವಾಗ ಗುಮಾಸ್ತ ಒಂದೊಂದೇ ಗೀಟು ಹಾಕುತ್ತಾನಲ್ಲ, ಮೋಟರನ್ನು ನಡೆಸುವ ಎಲೆಕ್ಟ್ರಾನಿಕ್ ಭಾಗ, ಅಂದರೆ ಕಂಟ್ರೋಲರ್, ಅದೇ ಥರ ಲೆಕ್ಕ ಇಡುತ್ತದೆ. ಇಷ್ಟು ಟಿಕ್ ಆದರೆ ಪೂರ್ತಿ ತೆರೆದಿದೆ, ಇಷ್ಟಾದರೆ ಪೂರ್ತಿ ಮುಚ್ಚಿದೆ.

ನಡುವೆ ಯಾರದಾದರೂ ಕೈ ಬಂತು ಅನ್ನಿ. ಮೋಟರ್ ತಿಣುಕುತ್ತದೆ. ಟಿಕ್ ಟಿಕ್ ನಿಧಾನವಾಗುತ್ತದೆ. "ಇಲ್ಲಿ ಇಷ್ಟು ನಿಧಾನ ಆಗಬಾರದು" ಅಂತ ಕಂಟ್ರೋಲರಿಗೆ ಗೊತ್ತಾಗಿ ಗಾಜನ್ನು ನಿಲ್ಲಿಸಿ ಹಿಂದಕ್ಕೆ ಸರಿಸುತ್ತದೆ. ಇದಕ್ಕೇ ಆಂಟಿ-ಪಿಂಚ್ ಅನ್ನುವುದು. ಬ್ಯಾಟರಿ ತೆಗೆದಾಗ ಬಹಳಷ್ಟು ಗಾಡಿಗಳಲ್ಲಿ ಈ ಲೆಕ್ಕದ ಪುಸ್ತಕವೇ ಅಳಿಸಿ ಹೋಗುತ್ತದೆ. ಲೆಕ್ಕ ಇಲ್ಲದ ಮೇಲೆ ಒಂದೇ ಒತ್ತಿಗೆ ಮುಚ್ಚುವ ಕೆಲಸವನ್ನು ಅದು ನಿಲ್ಲಿಸಿಬಿಡುತ್ತದೆ. ನೀವು ಸ್ವಿಚ್ ಹಿಡಿದುಕೊಂಡು ಮುಚ್ಚುತ್ತೀರಿ. ಆಗ ತಡೆಯಲು ಯಾರೂ ಇಲ್ಲ.

ಇದನ್ನು ನಾನು ಪುಸ್ತಕ ಓದಿ ಕಲಿತದ್ದಲ್ಲ. ಏಳೆಂಟು ವರ್ಷದ ಹಿಂದೆ ಜೇವರ್ಗಿಯವರೊಬ್ಬರು ಗಾಡಿ ತಂದಿದ್ದರು. ಬ್ಯಾಟರಿ ಹಾಕಿದೆ, ಚಾರ್ಜಿಂಗ್ ನೋಡಿದೆ, ಕೀ ಕೊಟ್ಟೆ. ಸನ್‌ರೂಫ್ ಕಡೆ ತಲೆ ಎತ್ತಿಯೂ ನೋಡಲಿಲ್ಲ. ಸಂಜೆ ಫೋನ್ ಬಂತು. "ಅಣ್ಣಾರ, ಕೂಸಿನ ಬೆರಳ ಗಾಜಿನ್ಯಾಗ ಸಿಕ್ಕೊಂಡಿತ್ರಿ" ಅಂದರು. ಆರು ವರ್ಷದ ಹುಡುಗಿ. ಎಲುಬಿಗೆ ಏನೂ ಆಗಿರಲಿಲ್ಲ, ಉಗುರು ಕಪ್ಪಾಗಿ ಉದುರಿತು. ಅವರು ನನಗೆ ಒಂದು ಮಾತೂ ಅನ್ನಲಿಲ್ಲ. ಮರುವಾರ ಗಾಡಿ ತಂದಾಗ ಆ ಹುಡುಗಿ ಪಟ್ಟಿ ಕಟ್ಟಿದ ಬೆರಳನ್ನು ಎದೆಗೆ ಒತ್ತಿಕೊಂಡು ಹಿಂದಿನ ಸೀಟಿನಲ್ಲಿ ಕೂತಿದ್ದಳು. ಅದು ಇವತ್ತಿಗೂ ನನ್ನ ಕಣ್ಣ ಮುಂದಿದೆ.

ಅವತ್ತಿನಿಂದ ಬ್ಯಾಟರಿ ಕೆಲಸಕ್ಕೆ ಬಂದ ಪ್ರತಿ ಸನ್‌ರೂಫ್ ಗಾಡಿಗೂ ಸೌತೆಕಾಯಿ ಪರೀಕ್ಷೆ ಮಾಡುತ್ತೇನೆ. ಗಾಜಿನ ಅಂಚಿಗೂ ಮುಂದಿನ ಚೌಕಟ್ಟಿಗೂ ನಡುವೆ ಒಂದು ಎಳೆ ಸೌತೆಕಾಯಿ ನೆಟ್ಟಗೆ ಹಿಡಿಯುತ್ತೇನೆ, ಕೈ ಕೆಳಗಿರುತ್ತದೆ. ಮುಚ್ಚುವ ಸ್ವಿಚ್ಚನ್ನು ಒಂದೇ ಸಲ ಒತ್ತಿ ಬಿಡುತ್ತೇನೆ. ಲೆಕ್ಕ ಸರಿಯಿದ್ದರೆ ಗಾಜು ಬಂದು ತಾಗಿ, ಒಂದು ಕ್ಷಣ ನಿಂತು, ಹಿಂದಕ್ಕೆ ಹೋಗುತ್ತದೆ. ಸಿಪ್ಪೆಯ ಮೇಲೆ ಉಗುರಿನಲ್ಲಿ ಗೀರಿದಷ್ಟು ಗುರುತು ಬೀಳುತ್ತದೆ, ಅಷ್ಟೇ. ಪಾಠ ಮರೆತ ಗಾಡಿಯಲ್ಲಿ ಸ್ವಿಚ್ ಹಿಡಿದುಕೊಂಡು ಒಮ್ಮೆ ನೋಡಿದೆ. ಸೌತೆಕಾಯಿ ಎರಡು ತುಂಡಾಗಿ ನೀರು ಡ್ಯಾಶ್‌ಬೋರ್ಡಿನ ಮೇಲೆ ತೊಟ್ಟಿಕ್ಕಿತು. ನನ್ನ ಹತ್ತಿರ ಕೆಲಸ ಕಲಿಯಲು ಬಂದ ಹುಡುಗರಿಗೆ ಮೊದಲ ವಾರವೇ ಇವೆರಡನ್ನೂ ತೋರಿಸುತ್ತೇನೆ.

ಪಾಠ ಹೇಳಿಕೊಡುವುದು ಕಷ್ಟವಲ್ಲ. ಗಾಡಿ ಚಾಲೂ ಇಡಿ. ಗಾಜು ಪೂರ್ತಿ ಮುಚ್ಚಿ. ಸ್ವಿಚ್ಚನ್ನು ಮುಚ್ಚುವ ಕಡೆಗೆ ಹಿಡಿದುಕೊಂಡಿರಿ, ಸುಮಾರು ಹತ್ತು ಸೆಕೆಂಡ್. ಗಾಜು ಸಣ್ಣಗೆ ಅಲುಗುತ್ತದೆ. ಆಗ ಬಿಟ್ಟು, ತಕ್ಷಣ ಮತ್ತೆ ಹಿಡಿಯಿರಿ. ಈಗ ಗಾಜು ತಾನಾಗಿ ಪೂರ್ತಿ ತೆರೆದು, ಪೂರ್ತಿ ಮುಚ್ಚಿಕೊಳ್ಳುತ್ತದೆ. ಅದು ಮುಗಿಯುವ ತನಕ ಸ್ವಿಚ್ ಬಿಡಬೇಡಿ. ತುಂಬಾ ಗಾಡಿಗಳಿಗೆ ಹೀಗೇ. ಕೆಲವಕ್ಕೆ ಕ್ರಮ ಬೇರೆ ಇರುತ್ತದೆ, ಡ್ಯಾಶ್‌ಬೋರ್ಡಿನ ಖಾನೆಯಲ್ಲಿರುವ ಪುಸ್ತಕದಲ್ಲಿ ನಿಮ್ಮ ಗಾಡಿಯದು ಬರೆದಿರುತ್ತಾರೆ. ಒಂದು ಮಾತು ಮಾತ್ರ ನೆನಪಿರಲಿ: ಪಾಠ ನಡೆಯುವಾಗ ಆಂಟಿ-ಪಿಂಚ್ ಕೆಲಸ ಮಾಡುವುದಿಲ್ಲ. ಮಕ್ಕಳನ್ನು ಕೆಳಗಿಳಿಸಿಯೇ ಶುರು ಮಾಡಿ.

ಪ್ರಶ್ನೆ: ಮುಚ್ಚಲು ಹೋದರೆ ಸನ್‌ರೂಫ್ ಅರ್ಧಕ್ಕೆ ಬಂದು ತಾನೇ ವಾಪಸ್ ತೆರೆಯುತ್ತದೆ. ಏನೂ ಅಡ್ಡ ಇಲ್ಲ. ತೊಗರಿ ರಾಶಿ ಮುಗಿದ ಮೇಲೆ ಶುರುವಾಯಿತು. ಆ ಸೇಫ್ಟಿಯನ್ನೇ ಬಂದ್ ಮಾಡಿಸಿದರೆ ಆಗುತ್ತದಾ?
ರೈತ, ಆಳಂದ ತಾಲೂಕು

ಕಾರಣವನ್ನು ನೀವೇ ಹೇಳಿದ್ದೀರಿ ಅಣ್ಣಾರೆ. ರಾಶಿ ಮಾಡುವಾಗ ಗಾಡಿ ಹೊಲದ ಬದುವಿನಲ್ಲೇ ನಿಂತಿತ್ತು ಅಲ್ವಾ? ತೊಗರಿ ಹೊಟ್ಟು, ಕರಿಮಣ್ಣಿನ ದೂಳು ಗಾಳಿಗೆ ಹಾರಿ ಹಳಿಗೆ ಸೇರುತ್ತದೆ. ಅಲ್ಲಿರುವ ಗ್ರೀಸಿಗೆ ಅಂಟಿ ಗಟ್ಟಿಯಾಗುತ್ತದೆ. ಗಾಜು ಆ ಜಾಗಕ್ಕೆ ಬಂದಾಗ ಮೋಟರ್ ತಿಣುಕುತ್ತದೆ, ಟಿಕ್ ಟಿಕ್ ನಿಧಾನವಾಗುತ್ತದೆ. ದೂಳಿಗೂ ಬೆರಳಿಗೂ ಕಂಟ್ರೋಲರಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಯಾವುದೋ ಕೈ ಸಿಕ್ಕಿದೆ ಅಂತ ತಿಳಿದು ಹಿಂದಕ್ಕೆ ಹೋಗುತ್ತದೆ. ಸೇಡಂ, ವಾಡಿ ಕಡೆ ಸಿಮೆಂಟ್ ದೂಳಿನಿಂದಲೂ ಇದೇ ತೊಂದರೆ ಬರುತ್ತದೆ.

ಸೇಫ್ಟಿ ಬಂದ್ ಮಾಡಿಸಬೇಡಿ. ಅದು ತನ್ನ ಕೆಲಸ ಮಾಡುತ್ತಿದೆ, ಹಳಿ ಕೊಳೆಯಾಗಿದೆ ಅಂತ ನಿಮಗೆ ಹೇಳುತ್ತಿದೆ. ಗಾಜು ಪೂರ್ತಿ ತೆರೆಯಿರಿ. ಮೆತ್ತನೆ ಬ್ರಷ್ಷಿನಲ್ಲಿ ಹೊಟ್ಟು ತೆಗೆಯಿರಿ. ಒದ್ದೆ ಬಟ್ಟೆಯನ್ನು ಬೆರಳಿಗೆ ಸುತ್ತಿ ಹಳಿಯ ಮೂಲೆ ಮೂಲೆ ಒರೆಸಿ. ಹಳೇ ಗ್ರೀಸ್ ಕಪ್ಪಗೆ ಬರುತ್ತದೆ, ಬಿಳಿ ಬಟ್ಟೆಗೆ ಹತ್ತುವುದು ನಿಲ್ಲುವ ತನಕ ಒರೆಸಿ. ಆಮೇಲೆ ಸನ್‌ರೂಫ್ ಹಳಿಗೆ ಅಂತಲೇ ಬರುವ ಗ್ರೀಸನ್ನು ತೆಳ್ಳಗೆ ಸವರಿ. ಎಂಜಿನ್ ಆಯಿಲ್ ಬೇಡವೇ ಬೇಡ. ಎರಡು ದಿನ ನುಣ್ಣಗೆ ಓಡುತ್ತದೆ, ಮೂರನೇ ದಿನ ದುಪ್ಪಟ್ಟು ದೂಳು ಹಿಡಿಯುತ್ತದೆ. ಕೊನೆಗೆ ಮೇಲೆ ಹೇಳಿದ ಪಾಠ ಒಮ್ಮೆ ಮಾಡಿಸಿ. ಇಷ್ಟಾದರೂ ವಾಪಸ್ ಬಂದರೆ ಕೇಬಲ್ಲೋ ಹಳಿಯ ಪ್ಲಾಸ್ಟಿಕ್ ತುಂಡೋ ಸವೆದಿರಬೇಕು. ಬಿಚ್ಚಿ ನೋಡಬೇಕಾಗುತ್ತದೆ.

ಪ್ರಶ್ನೆ: ಭಾನುವಾರ ಕೋಟೆ ಕಡೆ, ನಾನಕ್ ಝೀರಾ ಕಡೆ ಹೋಗುವಾಗ ಮಕ್ಕಳಿಬ್ಬರೂ ಸನ್‌ರೂಫಿನಿಂದ ತಲೆ ಹೊರಗೆ ಹಾಕಿ ನಿಲ್ಲುತ್ತಾರೆ. ನಾನು 30ರ ಮೇಲೆ ಓಡಿಸುವುದಿಲ್ಲ. ಆಂಟಿ-ಪಿಂಚ್ ಕೂಡ ಇದೆ. ಇಷ್ಟಿದ್ದರೆ ಸಾಕಲ್ಲವೇ?
ಬ್ಯಾಂಕ್ ನೌಕರ, ಬೀದರ್

ಸಾಕಾಗುವುದಿಲ್ಲ ಸರ್. ಮಕ್ಕಳ ಖುಷಿ ನೋಡಿ ನಿಮಗೂ ಖುಷಿಯಾಗುತ್ತದೆ, ಅದು ನನಗೆ ಅರ್ಥವಾಗುತ್ತದೆ. ಆದರೂ ಕಡ್ಡಿ ಮುರಿದಂತೆ ಹೇಳುತ್ತೇನೆ: ನಿಲ್ಲಿಸಬೇಡಿ.

ಮೊದಲು ಆಂಟಿ-ಪಿಂಚ್ ಮಾತು. ಅಮೆರಿಕ, ಯುರೋಪಿನ ನಿಯಮಗಳಲ್ಲಿ ಇಂಥ ಗಾಜು ವಾಪಸ್ ಹೋಗುವ ಮುಂಚೆ ಒತ್ತಬಹುದಾದ ಬಲ 100 ನ್ಯೂಟನ್ ಮೀರಬಾರದು ಅಂತಿದೆ. ಅಂದರೆ ಸುಮಾರು ಹತ್ತು ಕೆಜಿ ಭಾರ. ಹತ್ತು ಕೆಜಿ ಬೇಳೆ ಚೀಲ ನಿಮ್ಮ ಮಗುವಿನ ಬೆರಳ ಮೇಲೆ ಕೂತಂತೆ ಅಂದುಕೊಳ್ಳಿ. ಕುತ್ತಿಗೆಯ ಮೇಲೆ ಅಂದುಕೊಳ್ಳಲು ನನಗೆ ಆಗುವುದಿಲ್ಲ. ಆ ನಿಯಮದ ಪರೀಕ್ಷೆಯೂ 4 ಮಿಲಿಮೀಟರ್‌ನಿಂದ 200 ಮಿಲಿಮೀಟರ್ ತನಕದ ಸಂದಿಗೆ ಮಾತ್ರ. ಕೂದಲು, ದುಪಟ್ಟಾದ ಅಂಚು, ಕೈಗೆ ಕಟ್ಟಿದ ದಾರ ಅದರ ಲೆಕ್ಕಕ್ಕೆ ಬರುವುದಿಲ್ಲ. ಕೊನೆಯ ಕೆಲವು ಮಿಲಿಮೀಟರಿನಲ್ಲಿ ಗಾಜು ರಬ್ಬರಿಗೆ ಗಟ್ಟಿಯಾಗಿ ಕೂರಬೇಕಲ್ಲ, ಅದಕ್ಕೆ ಅಲ್ಲಿ ಆಂಟಿ-ಪಿಂಚ್ ಕೆಲಸ ಮಾಡದ ಹಾಗೆ ಇಟ್ಟಿರುತ್ತಾರೆ. ಕೊನೆಗಳಿಗೆಯಲ್ಲಿ ತಪ್ಪಿದ ಕೈಯನ್ನು ಕಾಪಾಡಲು ಇಟ್ಟದ್ದು ಆಂಟಿ-ಪಿಂಚ್. ಅದನ್ನು ನಂಬಿ ಮಗುವನ್ನು ಸಂದಿಯಲ್ಲಿ ನಿಲ್ಲಿಸುವ ಹಾಗಿಲ್ಲ.

ಇನ್ನು ಸ್ವಿಚ್. ಅರ್ಧ ಒತ್ತಿದರೆ ಹಿಡಿದಷ್ಟೇ ಸರಿಯುತ್ತದೆ, ಪೂರ್ತಿ ಒತ್ತಿದರೆ ಕೊನೆ ಮುಟ್ಟುವ ತನಕ ನಿಲ್ಲುವುದಿಲ್ಲ. ತಮ್ಮ ಮೇಲೆ ನಿಂತಿರುತ್ತಾನೆ, ಕೆಳಗಿನ ಅಕ್ಕ ಆಟಕ್ಕೆ ಒತ್ತುತ್ತಾಳೆ. ಈಗಿನ ಗಾಡಿಗಳಲ್ಲಿ ಬಾಯಿಂದ ಹೇಳಿದರೂ ಮುಚ್ಚುತ್ತದೆ. ಕೆಲವು ಗಾಡಿಗಳಲ್ಲಿ ಕೀ ಆಫ್ ಮಾಡಿದ ಮೇಲೂ ಸುಮಾರು ಮೂರು ನಿಮಿಷ ಸ್ವಿಚ್ ಜೀವಂತ ಇರುತ್ತದೆ, ಮುಂದಿನ ಬಾಗಿಲು ತೆರೆದರೆ ಮಾತ್ರ ಸಾಯುತ್ತದೆ. ಅದಕ್ಕೇ ಮಕ್ಕಳನ್ನು ಒಳಗೆ ಬಿಟ್ಟು ಪಾನ್ ಅಂಗಡಿಗೆ ಹೋಗುವುದು ಸಹ ಬೇಡ.

ಈಗ 30ರ ಮಾತು. ಆ ವೇಗದಲ್ಲಿ ಒಂದು ಸೆಕೆಂಡಿಗೆ ಗಾಡಿ ಎಂಟು ಮೀಟರ್ ಮುಂದೆ ಹೋಗುತ್ತದೆ. ನಾಯಿ ಅಡ್ಡ ಬಂತು, ಬ್ರೇಕ್ ಹೊಡೆದಿರಿ. ಗಾಡಿ ನಿಲ್ಲುತ್ತದೆ, ಮಗು ನಿಲ್ಲುವುದಿಲ್ಲ. ಅದರ ಹೊಟ್ಟೆಯೋ ಎದೆಯೋ ಚೌಕಟ್ಟಿನ ಅಂಚಿಗೆ ಹೋಗಿ ಬಡಿಯುತ್ತದೆ. ನಮ್ಮ ರಸ್ತೆಯಲ್ಲಿ ತಲೆಯ ಮಟ್ಟಕ್ಕೆ ಏನೇನು ಇರುತ್ತದೆ ನೋಡಿ. ಬೇವಿನ ಟೊಂಗೆ, ಜಾತ್ರೆ ಫ್ಲೆಕ್ಸಿಗೆ ಕಟ್ಟಿದ ತಂತಿ, ಕಬ್ಬಿನ ಟ್ರಾಲಿಯಿಂದ ಹೊರಗೆ ಚಾಚಿದ ಜಲ್ಲೆ. 2025ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ಸನ್‌ರೂಫಿನಿಂದ ಹೊರಗೆ ನಿಂತಿದ್ದ ಹುಡುಗನ ತಲೆ, ದೊಡ್ಡ ಗಾಡಿ ತಡೆಯಲು ರಸ್ತೆಗೆ ಅಡ್ಡ ಹಾಕಿದ್ದ ಕಬ್ಬಿಣದ ತೊಲೆಗೆ ಬಡಿಯಿತು. ಆ ವಿಡಿಯೋ ಎಲ್ಲರ ಫೋನಿಗೂ ಬಂದಿತ್ತು. ಅಂಥದೇ ತೊಲೆಗಳು ನಮ್ಮ ಕಡೆಯ ರೈಲ್ವೆ ಗೇಟುಗಳ ಹತ್ತಿರವೂ ಇವೆ.

ಕಾನೂನೂ ಇದನ್ನು ಒಪ್ಪುವುದಿಲ್ಲ. ಮೋಟಾರು ವಾಹನ ಕಾಯ್ದೆಯ 194ಬಿ ಪ್ರಕಾರ 14 ವರ್ಷದೊಳಗಿನ ಮಗುವಿಗೆ ಬೆಲ್ಟೋ ಮಕ್ಕಳ ಸೀಟೋ ಇಲ್ಲದೆ ಗಾಡಿ ಓಡಿಸಿದರೆ 1000 ರೂಪಾಯಿ ದಂಡ. ದಂಡಕ್ಕಾಗಿ ಹೇಳುತ್ತಿಲ್ಲ. ಕೋಟೆ ಮುಟ್ಟಿ, ಗಾಡಿ ನಿಲ್ಲಿಸಿ. ಅಲ್ಲಿನ ಬಯಲಿನಲ್ಲಿ ಓಡಲು ಬಿಡಿ. ಗಾಳಿ ಅಲ್ಲಿಯೂ ಚೆನ್ನಾಗಿಯೇ ಬೀಸುತ್ತದೆ.

ಪ್ರಶ್ನೆ: ನಮ್ಮ ಹಳೇ ಗಾಡಿಗೆ ಸನ್‌ರೂಫ್ ಇಲ್ಲ. ಹೊರಗೆ ಹಾಕಿಸಬಹುದಾ?
ಕಾಲೇಜು ವಿದ್ಯಾರ್ಥಿ, ಹುಮನಾಬಾದ್

ಬೇಡ ತಮ್ಮ. ಟಾಪ್ ಕೊಯ್ದರೆ ಗಾಡಿ ಪಲ್ಟಿಯಾದಾಗ ತಡೆಯುವ ಶಕ್ತಿ ಹೋಗುತ್ತದೆ. ಕಂಪನಿ ಬಿಟ್ಟ ರೂಪವನ್ನು ಹಾಗೆ ಬದಲಿಸುವುದಕ್ಕೆ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತದೆ. ವಿಮೆಯವರೂ ತಕರಾರು ಎತ್ತುತ್ತಾರೆ. ಆ ದುಡ್ಡಿನಲ್ಲಿ ನಾಲ್ಕು ಒಳ್ಳೇ ಟೈರ್ ಹಾಕಿಸು.

ಪ್ರಶ್ನೆ: ಮೊದಲ ಮಳೆಗೆ ಕಾರಿನೊಳಗಿನ ಕನ್ನಡಿಯ ಹತ್ತಿರ ನೀರು ತೊಟ್ಟಿಕ್ಕಿತು. ಗ್ಯಾರೇಜಿನವರು ಗಾಜಿನ ಸುತ್ತ ಸಿಲಿಕಾನ್ ಹಚ್ಚೋಣ ಅಂತಾರೆ. ಹಚ್ಚಿಸಲಾ?
ಗೃಹಿಣಿ, ಯಾದಗಿರಿ

ಹಚ್ಚಿಸಬೇಡಿ ಅಕ್ಕಾರೆ. ಸನ್‌ರೂಫಿನ ರಬ್ಬರ್ ಎಲ್ಲ ನೀರನ್ನೂ ತಡೆಯುವುದಿಲ್ಲ, ತಡೆಯಲಿ ಅಂತ ಮಾಡಿದ್ದೂ ಅಲ್ಲ. ಸ್ವಲ್ಪ ನೀರು ಒಳಗಿನ ಕಾಲುವೆಗೆ ಇಳಿಯುತ್ತದೆ. ಸಾಮಾನ್ಯವಾಗಿ ನಾಲ್ಕು ಮೂಲೆಯಲ್ಲಿ ನಾಲ್ಕು ಸಣ್ಣ ಪೈಪು ಇರುತ್ತವೆ. ಮುಂದಿನವು ಮುಂಗಾಜಿನ ಪಕ್ಕದ ಕಂಬದೊಳಗಿಂದ, ಹಿಂದಿನವು ಹಿಂದಿನ ಕಂಬದೊಳಗಿಂದ ಕೆಳಗೆ ಹೋಗುತ್ತವೆ. ಬೇಸಿಗೆ ಪೂರ್ತಿ ಗಾಡಿ ಬೇವಿನ ಮರದ ನೆರಳಿಗೆ ನಿಂತಿದ್ದರೆ ಹೂ, ಎಲೆ, ದೂಳು ಸೇರಿ ಪೈಪಿನ ಬಾಯಿ ಕಟ್ಟಿರುತ್ತದೆ.

ಗಾಜು ತೆರೆದು, ಒಂದೊಂದು ಮೂಲೆಗೂ ಅರ್ಧ ಲೋಟ ನೀರನ್ನು ನಿಧಾನಕ್ಕೆ ಹುಯ್ಯಿರಿ. ಚಕ್ರದ ಹತ್ತಿರ ನೆಲಕ್ಕೆ ಸುರಿದರೆ ಆ ಪೈಪು ಸರಿಯಿದೆ. ನೀರು ಅಲ್ಲೇ ನಿಂತರೆ ತೆಳು ನೈಲಾನ್ ದಾರ ಇಳಿಸಿ ಮೆಲ್ಲಗೆ ಆಡಿಸಿ. ಕಬ್ಬಿಣದ ತಂತಿ ಹಾಕಿದರೆ ಪೈಪು ತೂತಾಗುತ್ತದೆ. ಟೈರ್ ಅಂಗಡಿಯ ಗಾಳಿ ಹೊಡೆಸಿದರೆ ಜಾಯಿಂಟ್ ಕಳಚಿ ನೀರೆಲ್ಲ ಮ್ಯಾಟಿನ ಕೆಳಗೆ ಬರುತ್ತದೆ. ತಡ ಮಾಡಬೇಡಿ. ಕನ್ನಡಿಯ ಹತ್ತಿರ ತೊಟ್ಟಿಕ್ಕುವ ನೀರು ಅಲ್ಲೇ ಇರುವ ಸ್ವಿಚ್ಚಿಗೂ ಕಂಟ್ರೋಲರಿಗೂ ಇಳಿಯಬಹುದು. ಬೆರಳು ಕಾಯುವ ಲೆಕ್ಕ ಇರುವುದು ಅದರಲ್ಲೇ. ನೀರು ಇಳಿದಿದೆ ಅಂತ ಅನುಮಾನ ಬಂದರೆ ಒಣಗಿಸಿ, ಪಾಠ ಹೇಳಿಕೊಟ್ಟು, ಒಂದು ಸೌತೆಕಾಯಿ ಹಿಡಿದು ನೋಡಿ.